‘ಬರ್ಬ್ಸ್’ ಎಂಬ ಶಬ್ದವೂ ಬೆಂಗಳೂರಿನ ಉತ್ತರಭಾಗವೂ

ಈಚಿನ ವರ್ಷಗಳಲ್ಲಿ ನಮ್ಮ ವಿದ್ಯಾರ್ಥಿಗಳು ಒಪ್ಪಿಸುವ ಪ್ರಬಂಧಗಳಲ್ಲಿ ‘ಬರ್ಬ್ಸ್’ ಎಂಬ ಇಂಗ್ಲಿಷ್ ಶಬ್ದವೊಂದು ಆಗಾಗ ಕಣ್ಣಿಗೆ ಬೀಳುತ್ತಲಿದೆ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ‘ಬೆಂಗಳೂರಿನ ಉತ್ತರದ ಬರ್ಬ್ಸ್’ ಎಂದು ಕರೆದು, ಅವುಗಳ ಚರಿತ್ರೆಯನ್ನು ೧೯೫೦ರಿಂದೀಚೆಗೆ ಆರಂಭಿಸಿಬಿಡುವುದು ಅನೇಕರಿಗೆ ಸುಲಭವಾದ ಮಾರ್ಗವಾಗಿ ತೋರಿದೆ. ಲಘುವಾದ ಆಡುಮಾತೊಂದನ್ನು ಇಷ್ಟು ಗಂಭೀರವಾಗಿ ವಿಚಾರಿಸುವುದೇಕೆಂದು ಕೆಲವರು ಕೇಳಬಹುದು. ಆಡುಮಾತು ಆಡುಮಾತಾಗಿಯೇ ಉಳಿದಲ್ಲಿ ನಮ್ಮ ಆಕ್ಷೇಪವೇನೂ ಇಲ್ಲ. ಅದು ಚರಿತ್ರೆಯ ಬರಹದೊಳಕ್ಕೆ ಬಂದು, ಒಂದು ಸ್ಥಳದ ವಯಸ್ಸನ್ನೂ ಅಂತಸ್ತನ್ನೂ ನಿರ್ಣಯಿಸತೊಡಗಿದಾಗ ಅದರ ಅರ್ಥವೇನು, ಅದು ಯಾವ ದೇಶದ ಅನುಭವದಿಂದ ಹುಟ್ಟಿತು, ಇಲ್ಲಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಪರಿಶೀಲಿಸಬೇಕಾಗುತ್ತದೆ. ಪ್ರಕೃತ ಲೇಖನದ ಉದ್ದೇಶ ಇಷ್ಟೇ.

‘ಬರ್ಬ್ಸ್’ ಎಂಬುದು ‘ಸಬರ್ಬ್ಸ್’ ಎಂಬ ಶಬ್ದದ ಮೊಟಕುರೂಪ. ‘ಆಮ್ನಿಬಸ್’ ಎಂಬುದರ ತಲೆಯನ್ನು ಕತ್ತರಿಸಿ ‘ಬಸ್’ ಎಂದು ಮಾಡಿಕೊಂಡ ಹಾಗೆಯೇ ಇದನ್ನೂ ಮಾಡಿಕೊಂಡಿದ್ದಾರೆ. ಮೂಲಶಬ್ದವು ಲ್ಯಾಟಿನ್ನಿನದು, ‘ಸಬ್’ ಎಂದರೆ ಕೆಳಗೆ ಅಥವಾ ಬಳಿಯಲ್ಲಿ, ‘ಉರ್ಬ್ಸ್’ ಎಂದರೆ ನಗರ. ಕತ್ತರಿಯು ಈ ಎರಡರ ಸಂಧಿಯ ಮೇಲೆ ಬೀಳದೆ ಸ್ವಲ್ಪ ಈಚೆಗೆ ಬಿದ್ದಿರುವುದು ಗಮನಾರ್ಹವಾದುದು. ‘ಸಬ್’ ಹೋಗಿದೆ, ಆದರೆ ಅದರ ಕೊನೆಯ ಬಕಾರವು ನಗರವಾಚಿಯಾದ ಶಬ್ದದ ಮುಂದೆ ಅಂಟಿಕೊಂಡು ಉಳಿದಿದೆ. ಅರ್ಥದ ಮಟ್ಟಿಗೂ ಹೀಗೆಯೇ ಆಗಿರುತ್ತದೆ: ‘ಅಧೀನ’ವೆಂಬ ಭಾವವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಬಿಡುವುದೂ ಇಲ್ಲ.

ಈ ಶಬ್ದದ ಅದೃಷ್ಟವು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ‘ಸಬರ್ಬ್’ ಎಂದರೆ ಕೋಟೆಗೋಡೆಯಾಚೆಯ ಹೀನವಾದ ಕೇರಿ. ಚಾಸರ್ ಕವಿಯು ಅದನ್ನು ಕಳ್ಳಕಾಕರು ಅಡಗಿರತಕ್ಕ ಜಾಗವನ್ನಾಗಿ ಚಿತ್ರಿಸಿದ್ದಾನೆ. ಷೇಕ್ಸ್‌ಪಿಯರನ ಕಾಲದ ನಾಟಕಶಾಲೆಗಳು ಥೇಮ್ಸ್ ನದಿಯ ದಕ್ಷಿಣದಂಡೆಯಲ್ಲಿ ನೆಲಸಿದುದು ಲಂಡನ್ನಿನ ನಗರಾಧಿಕಾರಿಗಳ ಕೈಗೆ ಸಿಕ್ಕದಿರಲೆಂದು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಗಾಡಿ ಬಂದಮೇಲೆ ಗುಮಾಸ್ತರೂ ವಕೀಲರೂ ಊರ ಹೊರಗೆ ಮನೆ ಮಾಡಿ, ಹಗಲು ನಗರಕ್ಕೆ ಹೋಗಿ ಸಂಜೆಗೆ ಹಿಂದಿರುಗತೊಡಗಿದರು. ಆಗ ಅದೇ ಶಬ್ದಕ್ಕೆ ಮರ್ಯಾದೆ ಬಂದಿತು. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಅದರ ವಿಸ್ತಾರವು ಊಹೆಗೆ ಮೀರಿತು. ೧೯೪೭ರಲ್ಲಿ ನ್ಯೂಯಾರ್ಕಿನ ಬಳಿ ಲಾಂಗ್ ಐಲೆಂಡಿನಲ್ಲಿ ಕಟ್ಟಲಾರಂಭಿಸಿದ ಲೆವಿಟ್‌ಟೌನ್ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಒಂದೇ ಅಚ್ಚಿನ ಸಾವಿರಾರು ಮನೆಗಳು, ಮನೆಮುಂದೆ ಹುಲ್ಲುಹಾಸು, ಮನೆಗೊಂದು ಮೋಟಾರುಗಾಡಿ. ಜತೆಗೆ ಕಪ್ಪುಜನರು ಅಲ್ಲಿ ವಾಸಿಸಕೂಡದೆಂಬ ಕರಾರು. ‘ಬರ್ಬ್ಸ್’ ಎಂಬ ಮೊಟಕುರೂಪವು ಬಳಕೆಗೆ ಬಂದುದು ಈ ಅಮೆರಿಕದಲ್ಲಿ, ಅಲ್ಲಿ ಬೆಳೆದ ಮಕ್ಕಳು ತಮ್ಮ ಬೇಸರವನ್ನು ತಾವೇ ಹಾಸ್ಯ ಮಾಡಿಕೊಳ್ಳತೊಡಗಿದಾಗ. ೧೯೮೯ರಲ್ಲಿ ಜೋ ಡಾಂಟೆ ಎಂಬವರು ಇದೇ ಹೆಸರಿನ ಹಾಸ್ಯಚಿತ್ರವೊಂದನ್ನೂ ತೆಗೆದರು.

ಹೀಗಿರಲಾಗಿ, ಆ ಶಬ್ದವನ್ನು ಬಳಸಿದೊಡನೆಯೇ ಮೂರು ಮಾತುಗಳನ್ನು ನಾವು ಅರಿಯದೆ ಒಪ್ಪಿಕೊಂಡಂತಾಗುತ್ತದೆ: ನಡುವೆ ಒಂದು ನಗರವುಂಟು ಮತ್ತು ಅದು ಒಂದೇ ಒಂದು, ಸುತ್ತಣ ಸ್ಥಳವು ಆ ನಗರಕ್ಕಿಂತ ಈಚಿನದು, ಅಲ್ಲಿಯವರು ಮಲಗುವುದು ಅಲ್ಲಿ, ದುಡಿಯುವುದು ನಗರದಲ್ಲಿ. ಬೆಂಗಳೂರಿನ ಉತ್ತರಭಾಗಕ್ಕೆ ಈ ಮೂರರಲ್ಲಿ ಯಾವುದು ಹೊಂದುತ್ತದೆಂಬುದನ್ನು ಈಗ ನೋಡಬಹುದು.

ಮೊದಲನೆಯದನ್ನು ಬೇಗನೆ ಮುಗಿಸಬಹುದು. ಬೆಂಗಳೂರಿನಲ್ಲಿ ‘ನಗರ’ವೇ ಎರಡಿದ್ದವು. ಕೆಂಪೇಗೌಡನು ೧೫೩೭ರಲ್ಲಿ ಕಟ್ಟಿಸಿದನೆಂದು ಹೇಳುವ ಕೋಟೆ ಪೇಟೆಗಳು ಒಂದು. ೧೮೦೯ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ದಂಡು ಮತ್ತೊಂದು. ಎರಡಕ್ಕೂ ಬೇರೆಬೇರೆ ಪುರಸಭೆಗಳು, ಬೇರೆಬೇರೆ ಮಾರುಕಟ್ಟೆಗಳು. ಇವು ಒಂದಾಗಿ ಕಾರ್ಪೊರೇಷನ್ ಆದುದು ೧೯೪೯ರಲ್ಲಿ. ಜಾನಕಿ ನಾಯರ್ ಅವರು ೨೦೦೫ರಲ್ಲಿ ಪ್ರಕಟವಾದ ‘ದಿ ಪ್ರಾಮಿಸ್ ಆಫ್ ದಿ ಮೆಟ್ರೊಪಾಲಿಸ್’ ಎಂಬ ಗ್ರಂಥದಲ್ಲಿ ಈ ಇಬ್ಬಗೆಯನ್ನು ವಿವರವಾಗಿ ಚರ್ಚಿಸಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಹೆಬ್ಬಾಳವನ್ನು ‘ಸಬರ್ಬ್’ ಎನ್ನುವವರು ಅದು ಪೇಟೆಯದೋ ದಂಡಿನದೋ ಎಂಬುದನ್ನು ಮೊದಲು ತಿಳಿಸಬೇಕು.

ಎರಡನೆಯದು, ಅಂದರೆ ವಯಸ್ಸಿನ ವಿಚಾರ, ನಿಧಾನವಾಗಿ ನೋಡತಕ್ಕದ್ದು. ೨೦೧೮ರಲ್ಲಿ ಹೆಬ್ಬಾಳದಲ್ಲಿ ವೀರಗಲ್ಲೊಂದು ಬೆಳಕಿಗೆ ಬಂದಿತು. ಗಂಗರ ಶ್ರೀಪುರುಷನ ಆಳ್ವಿಕೆಯ, ಸುಮಾರು ಕ್ರಿ.ಶ. ೭೫೦ರ ಕಾಲದ ಶಾಸನವಿದು. ಹೋರಾಡಿ ಮಡಿದ ಕಿತ್ತಯನೆಂಬ ವೀರನ ಸ್ಮರಣೆಗಾಗಿ ನಿಂತ ಈ ಕಲ್ಲು, ಬೆಂಗಳೂರಿನಲ್ಲಿ ಇದುವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದೆಂದು ವಿದ್ವಾಂಸರು ಗಣಿಸಿದ್ದಾರೆ. ಅದರಲ್ಲಿ ಬರುವ ‘ಪೆರ್ಬೊೞಲ್ನಾಡು ಮೂವತ್ತು’ ಎಂಬ ಉಲ್ಲೇಖವು ನಮ್ಮ ವಿಷಯಕ್ಕೆ ಮುಖ್ಯವಾದುದು. ಪೆರ್ ಎಂದರೆ ಹಿರಿದು. ಪೊೞಲ್ ಎಂದರೆ ಪಟ್ಟಣ. ಹೊಳಲ್ಕೆರೆ, ಹೊಸಹೊಳಲು ಮುಂತಾದ ಹೆಸರುಗಳಲ್ಲಿ ಇಂದಿಗೂ ಉಳಿದಿರುವ ಶಬ್ದವೇ ಅದು. ಪಕಾರವು ಹಕಾರವಾಗಿ, ನಡುವಣ ಅಕ್ಷರಗಳು ಸವೆದು, ಪೆರ್ಬೊೞಲೇ ಹೆಬ್ಬಾಳವಾಯಿತು. (ಕರ್ನಾಟಕದಲ್ಲಿ ಹೆಬ್ಬಾಳವೆಂಬ ಊರುಗಳು ಬೇರೆಯೂ ಇವೆ. ಅವೆಲ್ಲಕ್ಕೂ ಈ ನಿರ್ವಚನವನ್ನು ಹೊಂದಿಸಲು ಹೊರಡುವುದು ಸಾಹಸವಾದೀತು; ಇಲ್ಲಿ ಶಾಸನವಿರುವುದರಿಂದ ಹೇಳಬಹುದಾಗಿದೆ.) ಅಂದಮೇಲೆ ಸುಮಾರು ೧೨೭೦ ವರ್ಷಗಳ ಹಿಂದೆ ಇದು ತನ್ನನ್ನು ‘ಹಿರಿಯ ಪಟ್ಟಣ’ವೆಂದು ಕರೆದುಕೊಂಡು, ಮೂವತ್ತರ ನಾಡೊಂದಕ್ಕೆ ತನ್ನ ಹೆಸರನ್ನು ಕೊಟ್ಟಿದ್ದ ಸ್ಥಳ. ಬೆಂಗಳೂರು ಎಂಬ ಹೆಸರು ಕಾಣಿಸಿಕೊಳ್ಳುವುದು ಬೇಗೂರಿನ ಶಾಸನದಲ್ಲಿ, ಸುಮಾರು ಕ್ರಿ.ಶ. ೮೯೦ರಲ್ಲಿ, ಅದೂ ಒಂದು ಕಾಳಗ ನಡೆದ ಸ್ಥಳವೆಂಬಷ್ಟು ಮಾತ್ರ. ‘ನಗರದ ಕೆಳಗಿನದು’ ಎಂಬ ಶಬ್ದವನ್ನು ‘ಹಿರಿಯ ಪಟ್ಟಣ’ಕ್ಕೆ ಹಚ್ಚುವಾಗ ನಮ್ಮ ಪ್ರಬಂಧಕಾರರು ಒಂದು ಗಳಿಗೆ ತಡೆದು ಆಲೋಚಿಸಿದ್ದರೆ ಲೇಸಾಗುತ್ತಿತ್ತು.

ಯಲಹಂಕದ ಸಂಗತಿಯಂತೂ ಇನ್ನೂ ಸ್ಪಷ್ಟವಾಗಿದೆ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಇದು ‘ಇಲೈಪಾಕ್ಕ ನಾಡು’. ಬೆಂಗಳೂರನ್ನು ಕಟ್ಟಿಸಿದ ಕೆಂಪೇಗೌಡನು ಯಲಹಂಕ ನಾಡಪ್ರಭು; ಅವನ ವಂಶವು ಆಳುತ್ತಿದ್ದುದು ಯಲಹಂಕದಿಂದ. ಆ ಪ್ರಭುಗಳು ತಮ್ಮ ಠಾಣ್ಯವನ್ನು ದಕ್ಷಿಣಕ್ಕೆ ಸರಿಸಿ ಹೊಸದಾಗಿ ಕೋಟೆ ಪೇಟೆಗಳನ್ನು ಕಟ್ಟಿಸಿದರು. ಆ ಗಳಿಗೆಯಲ್ಲಿ ಯಾವುದು ನಗರ, ಯಾವುದು ಅದರ ಕೊಂಬೆ? ಆ ಹೊಸ ಪೇಟೆಯ ಹೆಸರು ಕೂಡ ಉತ್ತರದಿಂದಲೇ ಹೋಯಿತೆಂಬ ಪ್ರತೀತಿಯಿದೆ. ಹೆಬ್ಬಾಳಕ್ಕೆ ಸಮೀಪದ ಕೊಡಿಗೇಹಳ್ಳಿಯ ಬಳಿ ಹಳೇಬೆಂಗಳೂರು ಎಂಬ ಸಣ್ಣ ಊರೊಂದಿದ್ದು, ಅದರ ಹೆಸರನ್ನೇ ಕೆಂಪೇಗೌಡನು ತನ್ನ ಪಟ್ಟಣಕ್ಕೆ ಇಟ್ಟನಂತೆ. ಪ್ರತೀತಿಯನ್ನು ಪ್ರಮಾಣವೆಂದು ನಾವು ಹೇಳುವುದಿಲ್ಲ. ಆದರೂ ಹೀಗೊಂದು ಕಥೆ ಜನರ ಬಾಯಲ್ಲಿ ನಿಂತಿರುವುದರಿಂದ, ಉತ್ತರಭಾಗದವರು ತಮ್ಮನ್ನು ಯಾರದೋ ಅಂಚೆಂದು ಭಾವಿಸಿರಲಿಲ್ಲವೆಂಬುದಾದರೂ ವಿದಿತವಾಗುತ್ತದೆ. ಎದುರುಪಕ್ಷದವರು ಮೇಖ್ರಿ ವೃತ್ತದ ಬಳಿಯ ಗೋಪುರವನ್ನು ತೋರಿಸಬಹುದು: ನಗರದ ಎಲ್ಲೆಯೆಂದು ಹೇಳುವ ನಾಲ್ಕು ಗೋಪುರಗಳಲ್ಲಿ ಉತ್ತರದ್ದು ಅಲ್ಲಿಗೇ ನಿಂತಿದೆ, ಹೆಬ್ಬಾಳವು ಅದರಾಚೆಗಿದೆ. ಮಾತು ಸರಿ. ಎಲ್ಲೆಯಾಚೆ ಇರುವುದು ಬೇರೆ, ಅಧೀನವಾಗಿರುವುದು ಬೇರೆ. ಎರಡನ್ನೂ ಬೆರಸುವುದೇ ಈ ಇಂಗ್ಲಿಷ್ ಶಬ್ದದ ದೋಷ.

ಯಲಹಂಕದಲ್ಲಿ ಮತ್ತೊಂದು ಸ್ವಾರಸ್ಯವುಂಟು. ಕರ್ನಾಟಕ ಗೃಹಮಂಡಲಿಯು ಅಲ್ಲಿ ನಿರ್ಮಿಸಿದ ಹೊಸ ವಸತಿಗೆ ‘ಯಲಹಂಕ ಉಪನಗರ’ವೆಂದು ಹೆಸರು, ಹಳೆಯ ಊರನ್ನು ಬಸ್ಸಿನವರು ‘ಓಲ್ಡ್ ಟೌನ್’ ಎಂದು ಕೂಗುತ್ತಾರೆ. ಜನರ ಬಾಯಲ್ಲಿ ಹೀಗೆ ಯಲಹಂಕವು ‘ಟೌನ್’, ಅದಕ್ಕೆ ತನ್ನದೇ ಆದ ಉಪನಗರವೊಂದುಂಟು. ೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ರಚಿತವಾಗುವವರೆಗೆ ಅಲ್ಲಿ ಪ್ರತ್ಯೇಕವಾದ ನಗರಸಭೆಯೂ ಇತ್ತು. ಆ ಪಾಲಿಕೆಯೂ ಈಗಿಲ್ಲ. ೨೦೨೫ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿ, ಯಲಹಂಕ ಹೆಬ್ಬಾಳಗಳ ಕಡೆಯದು ‘ಬೆಂಗಳೂರು ಉತ್ತರ’ವೆಂಬ ಬೇರೆಯ ನಗರಪಾಲಿಕೆಯಾಗಿದೆ. ಕಾಯಿದೆಯ ಭಾಷೆಯಲ್ಲಿ ‘ಸಬ್’ ಎಂಬುದು ಹೀಗೆ ಅಳಿದುಹೋದ ಹೊತ್ತಿಗೇ ಪ್ರಬಂಧಗಳಲ್ಲಿ ಅದು ಹೊಸದಾಗಿ ತಲೆಯೆತ್ತಿರುವುದು ವಿಚಿತ್ರ.

ಇನ್ನು ದುಡಿಮೆಯ ವಿಚಾರ. ಯಶವಂತಪುರವನ್ನು ಮಲಗುವ ಊರೆಂದು ಕರೆಯಬಲ್ಲವರು ಅಲ್ಲಿಯ ಮಾರುಕಟ್ಟೆಯ ಪ್ರಾಂಗಣಕ್ಕೆ ಬೆಳಗಿನ ಜಾವ ಹೋಗದಿದ್ದವರೇ ಸರಿ. ಬೆಂಗಳೂರಿನ ಅಡಿಗೆಮನೆಗೆ ಬೇಕಾದ ಈರುಳ್ಳಿ, ಆಲೂಗೆಡ್ಡೆ, ಬೇಳೆಕಾಳುಗಳು ಸಗಟಾಗಿ ಬಂದಿಳಿಯುವುದು ಆ ಯಾರ್ಡಿನಲ್ಲಿ. ಹಮಾಲರು, ಮಂಡಿಯವರು, ಲಾರಿಯವರು ದುಡಿಯುವುದು ಅಲ್ಲಿಯೇ. ಪಕ್ಕದಲ್ಲಿ ಗಂಧದ ಸಾಬೂನಿನ ಕಾರ್ಖಾನೆ. ಇತ್ತ ೧೯೦೯ರಲ್ಲಿ ಸ್ಥಾಪಿತವಾದ, ಹಳಬರು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ. ಹೆಬ್ಬಾಳದಲ್ಲಿ ೧೯೪೬ರಲ್ಲಿ ಕೃಷಿ ಕಾಲೇಜೂ ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವೂ ಆದವು. ಯಲಹಂಕದಲ್ಲಿ ವಾಯುಪಡೆಯ ನೆಲೆ, ರೈಲುಗಾಲಿಗಳ ಕಾರ್ಖಾನೆ. ಇಲ್ಲಿಗೆ ಜನರು ದುಡಿಯಲು ಬಂದರು, ಬಂದವರು ಹತ್ತಿರದಲ್ಲಿ ಮನೆ ಮಾಡಿದರು. ಲಂಡನ್ನಿನ ಗುಮಾಸ್ತನು ಮೊದಲು ಹೊರಗೆ ಮನೆ ಮಾಡಿ ಆಮೇಲೆ ಒಳಗೆ ದುಡಿಯಲು ಹೋದುದಕ್ಕೆ ಇದು ನೇರವಾಗಿ ವಿಪರೀತವಾದ ಕ್ರಮವೆಂಬುದನ್ನು ಗಮನಿಸಬೇಕು.

ಆರ್.ಟಿ. ನಗರವು ಈ ಮೂರರಂತಲ್ಲ. ಇದು ನಿಜವಾಗಿಯೂ ನಕ್ಷೆ ಬರೆದು, ಅಡ್ಡರಸ್ತೆ ಮುಖ್ಯರಸ್ತೆಗಳನ್ನು ಎಳೆದು, ನಿವೇಶನ ಹಂಚಿ ಮಾಡಿದ ವಸತಿ. ‘ಸಬರ್ಬ್’ ಶಬ್ದಕ್ಕೆ ನಾಲ್ಕರಲ್ಲಿ ಯಾವುದಾದರೂ ಒಗ್ಗುವುದಾದರೆ ಇದೊಂದೇ. ಆದರೆ ಇಂಥದಕ್ಕೆ ಕನ್ನಡದಲ್ಲಿ ಆಗಲೇ ಒಂದು ಶಬ್ದವಿದೆ, ಅದು ‘ಬಡಾವಣೆ’. ಹಿಂದೂಸ್ತಾನಿಯ ‘ಬಢಾನಾ’, ಎಂದರೆ ಬೆಳೆಸು, ಎಂಬ ಕ್ರಿಯಾಪದಕ್ಕೆ ಸಂಬಂಧಪಟ್ಟದ್ದು. ಇದರಲ್ಲಿ ಕೆಳಗೆಂಬ ಭಾವವಿಲ್ಲ, ಮುಂದಕ್ಕೆ ಬೆಳೆಯಿತೆಂಬ ಭಾವ ಮಾತ್ರ ಇದೆ. ೧೮೯೨ರಲ್ಲಿ ಚಾಮರಾಜಪೇಟೆಯೂ, ೧೮೯೮ರ ಪ್ಲೇಗಿನ ಹಾವಳಿಯಿಂದ ಬಸವನಗುಡಿ ಮಲ್ಲೇಶ್ವರಗಳೂ ಬೆಳೆದಾಗ ಬೆಂಗಳೂರಿನವರು ಅವನ್ನು ‘ಎಕ್ಸ್‌ಟೆನ್ಷನ್’ ಎಂದರು. ಬಡಾವಣೆಯೆಂಬುದು ಅದರ ಸರಿಯಾದ ಸಮಾನಪದ. ೧೯೪೫ರ ನಗರಾಭಿವೃದ್ಧಿ ವಿಶ್ವಸ್ತಮಂಡಲಿಯೂ ೧೯೭೬ರಿಂದೀಚೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಬಡಾವಣೆಗಳನ್ನೇ ಮಾಡಿದವು. ಆದರೆ ಅವಕ್ಕೆ ಹೆಸರಿಡುವಾಗ ನಮ್ಮ ಜನ ‘ಪುರ’, ‘ನಗರ’ ಎಂಬುದಕ್ಕಿಂತ ಕಡಿಮೆಯದನ್ನು ಒಪ್ಪಲಿಲ್ಲ: ಜಯನಗರ, ರಾಜಾಜಿನಗರ, ಸದಾಶಿವನಗರ, ಸಂಜಯನಗರ, ಸಹಕಾರನಗರ, ವಿದ್ಯಾರಣ್ಯಪುರ. ಅರಸರು ಅಗ್ರಹಾರ ಕಟ್ಟಿಸಿ ತಮ್ಮ ಹೆಸರಿನ ಮುಂದೆ ‘ಪುರ’ ಸೇರಿಸಿದ ಪದ್ಧತಿಯೇ ಇಲ್ಲಿಯವರೆಗೆ ಹರಿದುಬಂದಿದೆ. ನಮ್ಮ ನಾಲ್ಕು ಸ್ಥಳಗಳನ್ನೇ ತೆಗೆದುಕೊಂಡರೂ ಪೊೞಲ್, ಪುರ, ನಗರ ಎಂದು ಮೂರು ಹೆಸರುಗಳಲ್ಲಿ ಪಟ್ಟಣವಾಚಿಯಾದ ಶಬ್ದವು ಕುಳಿತಿದೆ. ನಾಲ್ಕನೆಯದು ಬೆಂಗಳೂರನ್ನೇ ಕಟ್ಟಿದವರ ಊರು.

ಮೊಟಕುಮಾಡುವ ಚಟವು ಇಂಗ್ಲಿಷರದ್ದೊಂದೇ ಅಲ್ಲವೆಂಬುದಕ್ಕೂ ಆರ್.ಟಿ. ನಗರವೇ ಸಾಕ್ಷಿ. ಅದು ರವೀಂದ್ರನಾಥ ಠಾಕೂರರ ಹೆಸರಿನ ನಗರವೆಂಬುದನ್ನು ಅಲ್ಲಿಯೇ ಹುಟ್ಟಿ ಬೆಳೆದ ವಿದ್ಯಾರ್ಥಿಗಳೂ ಕೆಲವೊಮ್ಮೆ ಅರಿಯರು. ಮಹಾಕವಿಯು ಎರಡು ಅಕ್ಷರವಾದ. ಬಡಾವಣೆಯು ನುಂಗಿದ ಮಠದಹಳ್ಳಿಯು ಒಂದು ರಸ್ತೆಯ ಹೆಸರಾಗಿ, ವಿಳಾಸದ ಮೂಲೆಯಲ್ಲಿ ಉಳಿಯಿತು.

‘ಬರ್ಬ್ಸ್’ ಬೇಡವೆಂದಲ್ಲಿ ‘ಉಪನಗರ’ವೆನ್ನೋಣವೆಂದು ಕೆಲವರು ಸೂಚಿಸುತ್ತಾರೆ. ಇದು ರೋಗವನ್ನು ಸಂಸ್ಕೃತಕ್ಕೆ ಭಾಷಾಂತರಿಸಿದಂತೆ. ಉಪನದಿ, ಉಪಾಧ್ಯಕ್ಷ ಎಂಬಲ್ಲಿರುವ ‘ಉಪ’ವೂ ಲ್ಯಾಟಿನ್ನಿನ ‘ಸಬ್’ ಇದ್ದ ಹಾಗೆಯೇ ಬಳಿಯೆಂದೂ ಕೆಳಗೆಂದೂ ಎರಡರ್ಥವನ್ನು ಹೊತ್ತಿದೆ. ಅಲ್ಲದೆ ನಮ್ಮಲ್ಲಿ ಅದರ ಬಳಕೆಯೂ ಸ್ಥಿರವಾಗಿಲ್ಲ. ಮುಂಬಯಿಯಲ್ಲಿ ಉಪನಗರವೆಂದರೆ ಬಾಂದ್ರಾ ಅಂಧೇರಿಗಳನ್ನೊಳಗೊಂಡ ಇಡೀ ಒಂದು ಜಿಲ್ಲೆ. ಕೆಂಗೇರಿಯಲ್ಲಿ, ಯಲಹಂಕದಲ್ಲಿ ಅದು ಗೊತ್ತಾದ ಒಂದು ವಸತಿಯ ಹೆಸರು. ೨೦೨೨ರಲ್ಲಿ ಶಂಕುಸ್ಥಾಪನೆಯಾದ ‘ಉಪನಗರ ರೈಲು’ ಯೋಜನೆಯಲ್ಲಿ ಅದೇ ಶಬ್ದವು ದೇವನಹಳ್ಳಿಯವರೆಗೂ ಚಾಚಿಕೊಂಡಿದೆ. ಟಿಪ್ಪುವು ಹುಟ್ಟಿದ ಆ ಕೋಟೆಯ ಊರನ್ನು ಬೆಂಗಳೂರಿನ ಉಪನಗರವೆನ್ನಲು ಚರಿತ್ರೆಯ ವಿದ್ಯಾರ್ಥಿಗೆ ನಾಲಗೆ ಬಾರದು. ಮೈಸೂರಿನಲ್ಲಂತೂ ‘ಸಬರ್ಬನ್ ಬಸ್ ಸ್ಟ್ಯಾಂಡ್’ ಎಂಬುದು ಕನ್ನಡದಲ್ಲಿ ‘ಗ್ರಾಮಾಂತರ ಬಸ್ ನಿಲ್ದಾಣ’ವಾಗಿದೆ. ಬೆಂಗಳೂರಿಗೆ ಬರುವ ಬಸ್ಸುಗಳೂ ಅಲ್ಲಿಂದಲೇ ಹೊರಡುವುದರಿಂದ, ಆ ಫಲಕವನ್ನು ನಂಬಿದರೆ ಬೆಂಗಳೂರೇ ಮೈಸೂರಿನ ಹೊರವಲಯದ ಗ್ರಾಮವಾಗಬೇಕಾಗುತ್ತದೆ. ಮೈಸೂರಿನ ಮಿತ್ರರು ಇದನ್ನು ವಿರೋಧಿಸಲಾರರೆಂದು ತೋರುತ್ತದೆ.

ಹಳೆಯ ಕೋಶಗಳನ್ನು ತೆರೆದರೆ ಇದಕ್ಕಿಂತ ಒಳ್ಳೆಯ ಶಬ್ದ ದೊರೆಯುತ್ತದೆ. ಅಮರಕೋಶದ ಪುರವರ್ಗದಲ್ಲಿ, ಮೂಲನಗರದಿಂದ ಬೇರೆಯಾಗಿ ಬೆಳೆದ ಪುರಕ್ಕೆ ‘ಶಾಖಾನಗರ’ವೆಂದು ಹೆಸರು ಕೊಟ್ಟಿದೆ. ಶಾಖೆಯು ಮರದ ಕೆಳಗಿನದಲ್ಲ, ಮರದಿಂದ ಹೊರಟದ್ದು; ಅದು ಹೂ ಬಿಡುತ್ತದೆ, ನೆಟ್ಟರೆ ಬೇರನ್ನೂ ಬಿಡಬಲ್ಲದು. ಹಳಗನ್ನಡದಲ್ಲಿ ಪಟ್ಟಣದ ಹೊರಭಾಗಕ್ಕೆ ‘ಪೊಱವೊೞಲ್’ ಎಂಬ ಮಾತಿತ್ತು. ಇದನ್ನು ಪುನಃ ಬಳಕೆಗೆ ತರಬೇಕೆಂದು ನಾವು ಹಠ ಹಿಡಿಯುವುದಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಱಕಾರ ೞಕಾರಗಳಿಗೆ ಒದಗಬಹುದಾದ ಗತಿಯನ್ನು ನೆನೆದರೆ ಭಯವಾಗುತ್ತದೆ. ‘ಶಾಖಾನಗರ’ವನ್ನು ಮಾತ್ರ ಜಯನಗರದಂಥ ಯೋಜಿತ ವಸತಿಗಳಿಗೆ ಧೈರ್ಯವಾಗಿ ಉಪಯೋಗಿಸಬಹುದು. ಹೆಬ್ಬಾಳ ಯಲಹಂಕಗಳಿಗೆ ಅದೂ ಸಲ್ಲದು, ಏಕೆಂದರೆ ಅವು ಶಾಖೆಗಳೂ ಅಲ್ಲ.

‘ಹೊರಗೆ’ ಎಂಬ ಭಾವವೇ ನಮ್ಮ ಸಮಾಜದಲ್ಲಿ ಬೇರೆಯ ಇತಿಹಾಸವುಳ್ಳದ್ದೆಂಬುದನ್ನೂ ಇಲ್ಲಿ ಹೇಳಬೇಕು. ಕನ್ನಡದ ಹಳ್ಳಿಯಲ್ಲಿ ಊರ ಹೊರಗಿರಿಸಿದುದು ಅಸ್ಪೃಶ್ಯರೆಂದು ಕರೆದವರ ಕೇರಿಯನ್ನು. ಅಮೆರಿಕದಲ್ಲಿ ಅನುಕೂಲಸ್ಥರು ಇತರರನ್ನು ಒಳಗೆ ಬಿಟ್ಟು ತಾವು ಹೊರಗೆ ಹೋದರು. ಇಲ್ಲಿ ಅನುಕೂಲಸ್ಥರು ಊರೊಳಗಿದ್ದು ಇತರರನ್ನು ಹೊರಗಿಟ್ಟರು. ಬಡಾವಣೆಯು ಹಳ್ಳಿಯೊಂದನ್ನು ಸುತ್ತುವರಿದಾಗ ಊರೂ ಕೇರಿಯೂ ಎರಡೂ ನಗರದೊಳಕ್ಕೆ ಬರುತ್ತವೆ. ಅವುಗಳ ನಡುವಣ ಗೆರೆಯು ಎಲ್ಲಿ ಅಳಿಯಿತು, ಎಲ್ಲಿ ಹೊಸ ಗೋಡೆಯಾಯಿತು ಎಂಬುದು ಬೆಂಗಳೂರಿನ ಉತ್ತರಭಾಗದ ಚರಿತ್ರೆಯಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ. ‘ಬರ್ಬ್ಸ್’ ಎಂಬ ಶೀರ್ಷಿಕೆಯ ಕೆಳಗೆ ಬರೆಯುವವನಿಗೆ ಈ ಪ್ರಶ್ನೆಯು ಹೊಳೆಯುವುದೇ ಇಲ್ಲ. ಏಕೆಂದರೆ ಆ ಶಬ್ದದ ದೃಷ್ಟಿಯಲ್ಲಿ ಬಡಾವಣೆಗೆ ಮುಂಚೆ ಅಲ್ಲಿ ಬರಿಯ ಬಯಲಿತ್ತು. ಕೆರೆ ಇರಲಿಲ್ಲ, ಕೆರೆಯ ಅಚ್ಚುಕಟ್ಟಿನ ಗದ್ದೆ ಇರಲಿಲ್ಲ, ಆ ಗದ್ದೆಯಲ್ಲಿ ದುಡಿದು ಪರಿಹಾರದ ಹಣ ಪಡೆದವರೂ ಪಡೆಯದವರೂ ಇರಲಿಲ್ಲ.

ಹಾಗಾದರೆ ಆ ಶಬ್ದಕ್ಕೆ ಬೆಂಗಳೂರಿನ ಉತ್ತರದಲ್ಲಿ ಎಲ್ಲಿಯೂ ಎಡೆಯಿಲ್ಲವೇ? ಇದೆ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಎರಡು ಪಕ್ಕದಲ್ಲಿಯೂ ಎತ್ತರದ ಗೋಡೆ, ಕಾವಲಿನ ಬಾಗಿಲು, ಒಳಗೆ ಒಂದೇ ಅಚ್ಚಿನ ಮನೆಗಳುಳ್ಳ ವಸತಿಗಳು ಎದ್ದಿವೆ. ಅಲ್ಲಿಯವರು ಬಹುಮಟ್ಟಿಗೆ ಕಾರಿನಲ್ಲಿ ಹೊರಟು ಕಾರಿನಲ್ಲಿ ಹಿಂದಿರುಗುವರು. ಪಕ್ಕದ ಹಳ್ಳಿಯ ಅಂಗಡಿಗೂ ಅವರಿಗೂ ಬಳಕೆ ಕಡಿಮೆ. ಅಂಥ ವಸತಿಯನ್ನು ‘ಬರ್ಬ್’ ಎಂದರೆ ನಮ್ಮ ಅಭ್ಯಂತರವಿಲ್ಲ, ಲೆವಿಟ್‌ಟೌನಿಗೂ ಅದಕ್ಕೂ ನಿಜವಾದ ಹೋಲಿಕೆಯಿದೆ. ಯಲಹಂಕ ಹೆಬ್ಬಾಳಗಳಿಂದ ಅವನ್ನು ಪ್ರತ್ಯೇಕಿಸಲಿಕ್ಕೆ ಪ್ರಬಂಧಕಾರನಿಗೆ ಈ ಶಬ್ದವು ಉಪಯುಕ್ತವೂ ಆಗಬಹುದು.

ಆದರೂ ಆ ವಸತಿಗಳನ್ನು ಕುರಿತು ಬರೆಯತಕ್ಕವರು ಮಾರಾಟದ ಪ್ರಕಟಣೆಗಳಿಂದ ಹೊರಡದೆ ಕ್ರಯಪತ್ರಗಳಿಂದ ಹೊರಡುವುದು ಮೇಲು. ಫಲಕದ ಮೇಲಿನ ಹೆಸರು ಫ್ರೆಂಚಿನದೋ ಇಟಲಿಯದೋ ಆಗಿರಬಹುದು. ಪತ್ರದ ಷೆಡ್ಯೂಲಿನಲ್ಲಿ ಇಂದಿಗೂ ಮೊದಲು ಸರ್ವೆ ನಂಬರು, ಆಮೇಲೆ ಗ್ರಾಮದ ಹೆಸರು, ಅದರ ಮುಂದೆ ‘ಯಲಹಂಕ ಹೋಬಳಿ’ ಅಥವಾ ‘ಜಾಲ ಹೋಬಳಿ’ ಎಂದು ಬರೆದಿರುತ್ತದೆ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಕೆರೆಯ ಏರಿ ಎಂಬ ಚಕ್ಕುಬಂದಿಯೂ ಅಲ್ಲಿಯೇ ಸಿಕ್ಕುತ್ತದೆ.